ಜ್ವರ ಅಂದ ಕೂಡಲೇ ಮಾತ್ರೆ ಕೊಡಬೇಡ

ಯವ್ವಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಸ್ತನ ಕ್ಯಾನ್ಸರ್ ಆದ ಹೆಂಗಸರಿಗೆ ಕೈಲಾದ ಸಹಾಯ ಮಾಡಬೇಕು ಅಂತಿದ್ದೀಯ. ನಿಮ್ಮತ್ತೆಯವರು ಮಾತ್ರ "ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ರೋಗ ಹತ್ತಿದರೆ ಏನು ಗತಿ" ಅಂತ ಬೇಡ ಅಂದರಂತೆ. ನಿನಗೂ ಒಳಗೊಳಗೇ ಹೆದರಿಕೆ, ನೊಂದವರ ಮುಂದೆ ಬಾಯಿ ತಪ್ಪಿ ಏನಾದರೂ ಅಂದುಬಿಟ್ಟರೆ ಅಂತ. ಹೋಗಲೋ ಬೇಡವೋ, ಹೋದರೆ ಹೇಗೆ ಶುರು ಮಾಡಲಿ ಅಂತ ಗುಂಪಿನಲ್ಲಿ ಕೇಳಿದ್ದೀಯ, ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಅದಕ್ಕೇ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು, ಪೂರ್ತಿ ಕೇಳು.

ಕ್ಯಾನ್ಸರ್ ಹತ್ತುವ ರೋಗ ಅಲ್ಲ. ಮುಟ್ಟಿದರೆ, ಪಕ್ಕ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಹೋಗು, ಧೈರ್ಯವಾಗಿ ಹೋಗು. ಆದರೆ ಅದಕ್ಕೂ ಮೊದಲು ಗದಗ ಚಿಗವ್ವನಿಗೆ ಏನಾಯಿತು ಅನ್ನುವುದು ನಿನಗೆ ಗೊತ್ತಿರಬೇಕು.

ಅವಳಿಗೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿದ್ದು ನಿಮಗೆಲ್ಲ ಗೊತ್ತು. ಆಮೇಲಿನದು ಗೊತ್ತಿಲ್ಲ. ಅವಳಿಗೆ ಮೂರು ವಾರಕ್ಕೊಮ್ಮೆ ಕೀಮೋ ಇತ್ತು. ಕೆಂಪು ಬಣ್ಣದ ಔಷಧ, ಅದು ಏರಿದ ದಿನ ಮೂತ್ರವೂ ಕೆಂಪಗಾಗುತ್ತದೆ. ರಕ್ತ ಅಂತ ತಿಳಿದು ಗಾಬರಿಯಾಗಿದ್ದಳು, ಪಾಪ. ಕೂದಲು ಹೋಯಿತು. ಅದನ್ನೆಲ್ಲ ಹಲ್ಲು ಕಚ್ಚಿ ತಡೆದುಕೊಂಡಳು. ಎರಡನೇ ಕೀಮೋ ಆಗಿ ಒಂದು ವಾರ ದಾಟಿರಬೇಕು, ಮಧ್ಯಾಹ್ನ ಜ್ವರ ಬಂತು. ಅವರ ಓಣಿಯ ಒಬ್ಬ ಹೆಂಗಸು ದಿನಾ ಬಂದು ನೋಡಿಕೊಳ್ಳುತ್ತಿದ್ದಳು. ಒಳ್ಳೆಯ ಮನಸ್ಸಿನವಳು. ನುಚ್ಚು ಮಾಡಿ ತರುವಳು, ಕಾಲು ಒತ್ತುವಳು. ಅವತ್ತು ಹಣೆ ಮುಟ್ಟಿ ನೋಡಿ, "ಇದು ಕೀಮೋದ ಕಾವು, ಮಜ್ಜಿಗೆ ಕುಡಿದು ಮಲಗು" ಅಂತ ತನ್ನ ಪರ್ಸಿನಿಂದ ಒಂದು ಮಾತ್ರೆ ತೆಗೆದು ಕೊಟ್ಟಳು. ಸ್ವಲ್ಪ ಹೊತ್ತಿಗೆ ಜ್ವರ ಇಳಿಯಿತು. ಚಿಗವ್ವ ಎದ್ದು ಕೂತು ಊಟ ಮಾಡಿದಳು. ಎಲ್ಲರಿಗೂ ಸಮಾಧಾನ, ಆಸ್ಪತ್ರೆಗೆ ಯಾರೂ ಫೋನ್ ಮಾಡಲಿಲ್ಲ. ಮರುದಿನ ಮತ್ತೆ ಬಂತು, ಮತ್ತೆ ಅದೇ ಮಾತ್ರೆ. ರಾತ್ರಿ ಹಲ್ಲು ಕಟಕಟ ಅನ್ನುವಂಥ ನಡುಕ ಶುರುವಾಯಿತು. ಆಗ ಕಾರು ಹುಡುಕಿ, ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಕರೆತಂದರು.

ನಾನು ಆಸ್ಪತ್ರೆ ಬಾಗಿಲಲ್ಲೇ ನಿಂತಿದ್ದೆ. ಎರಡು ಕೌದಿ ಸುತ್ತಿದ್ದರು, ಆದರೂ ಕೈ ಮುಟ್ಟಿದರೆ ತಣ್ಣಗೆ, ಉಗುರು ನೀಲಿ. ಡಾಕ್ಟರ್ ಮೊದಲು ಕೇಳಿದ್ದು, ಜ್ವರ ಯಾವಾಗ ಶುರುವಾಯಿತು, ಯಾವ ಮಾತ್ರೆ ಕೊಟ್ಟಿರಿ ಅಂತ. ಮಾತ್ರೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ತೀರಾ ಕೆಳಗಿಳಿದಿತ್ತು, ಸೋಂಕು ಮೈಗೆಲ್ಲ ಏರಿತ್ತು. ಐಸಿಯುಗೆ ಒಯ್ದರು. ಬದುಕಿದಳು, ದೇವರು ದೊಡ್ಡವನು. ಆದರೆ ಮುಂದಿನ ಕೀಮೋ ಹಿಂದೆ ಬಿತ್ತು.

ಕೀಮೋ ಔಷಧ ಕ್ಯಾನ್ಸರನ್ನು ಹೊಡೆಯುವಾಗ ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನದ ನಡುವೆ ಮೈಯಲ್ಲಿ ರೋಗ ತಡೆಯುವ ಶಕ್ತಿ ತೀರಾ ಕಡಿಮೆ. ಆಗ ಜ್ವರ 100.4 ಡಿಗ್ರಿ ಮುಟ್ಟಿತು ಅಂದರೆ ಹಗಲಾಗಲಿ, ರಾತ್ರಿಯಾಗಲಿ, ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಹೇಳುವುದು, ಜ್ವರ ಅಂದ ಕೂಡಲೇ ಮಾತ್ರೆ ಕೊಡಬೇಡ. ನಿನ್ನ ಪರ್ಸಿನಲ್ಲಿ ಏನೇ ಇರಲಿ, ತೆಗೆಯಬೇಡ.

ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಬಂದಳಲ್ಲ! ನಮ್ಮವರು ಎಲ್ಲಿದ್ದರು? ಹೆಸರು ಹೇಳುವುದಿಲ್ಲ, ಆದರೆ ಕೇಳುವವರು ಕೇಳಲಿ. ಬಂದವರು ನೀರು ಕುಡಿಯಲಿಲ್ಲ, ಚಿಗವ್ವನ ಲೋಟ ಬೇರೆ ಇಡಿ ಅಂದರು. ಊರಿಗೆಲ್ಲ ಗರ್ಭಕೋಶದ ಆಪರೇಷನ್ ಅಂತ ಸುಳ್ಳು ಹೇಳಿಸಿದರು. ಯಾಕೆ? ಮಗಳಿಗೆ ಗಂಡು ಸಿಗುವುದಿಲ್ಲವಂತೆ. ಎದೆಯ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು 100ರಲ್ಲಿ 5ರಿಂದ 10 ಮಾತ್ರ. ತಾಯಿಗೋ ಅಕ್ಕನಿಗೋ ಸಣ್ಣ ವಯಸ್ಸಿನಲ್ಲೇ ಬಂದಿದ್ದರೆ ಡಾಕ್ಟರಿಗೆ ಹೇಳಬೇಕು, ಅದು ಬೇರೆ ಮಾತು. ಅದಕ್ಕಾಗಿ ಮುಚ್ಚಿಡುವುದಾ? ಇಷ್ಟೂ ಸಾಲದು ಅಂತ, ಆ ವರ್ಷ ನಮ್ಮದೇ ಮನೆಯ ಕುಬಸದಲ್ಲಿ ಎಲ್ಲರನ್ನೂ ಆರತಿಗೆ ಕರೆದರು, ಅವಳನ್ನು ಕರೆಯಲಿಲ್ಲ. ತಲೆಗೆ ಸೆರಗು ಹೊದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಐದು ಜನ ಮುತ್ತೈದೆಯರಲ್ಲಿ ಅವಳೊಬ್ಬಳು ಬೇಡವಾದಳಾ? ಅದು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ.

ಇರಲಿ, ಯವ್ವಾ. ನೀನು ಕೇಳಿದ್ದು ಹೇಗೆ ಶುರು ಮಾಡಬೇಕು ಅಂತ.

ಸೀದಾ ವಾರ್ಡಿಗೆ ನುಗ್ಗಬೇಡ. ಮೊದಲು ಆಸ್ಪತ್ರೆಯ ಆಫೀಸಿನಲ್ಲಿ ಸೋಶಿಯಲ್ ವರ್ಕರ್ ಯಾರು ಅಂತ ವಿಚಾರಿಸು. ಯಾವ ದಿನ, ಯಾರ ಹತ್ತಿರ ಕೂರಬೇಕು ಅಂತ ಅವರು ಹೇಳಿದ ಹಾಗೆ ಮಾಡು. ಬಾಯಿ ತಪ್ಪುವ ಹೆದರಿಕೆ ಬೇಡ, ಜಾಸ್ತಿ ಮಾತೇ ಬೇಕಿಲ್ಲ. ಅಮೆರಿಕದ ಟೆರೀಸ್ ಲ್ಯಾಸರ್ ಅನ್ನುವವರು 1952ರಲ್ಲಿ ತಮಗೇ ಆಪರೇಷನ್ ಆದಮೇಲೆ ಬೇರೆ ರೋಗಿಗಳ ಹತ್ತಿರ ಹೋಗಿ ಧೈರ್ಯ ಹೇಳಲು ಶುರು ಮಾಡಿದರು. ಅದೇ ಮುಂದೆ ರೀಚ್ ಟು ರಿಕವರಿ ಅಂತ ಬೇರೆ ಬೇರೆ ದೇಶಗಳಿಗೆ ಹರಡಿತು. ಅಲ್ಲಿ ಹೋಗುವವರಿಗೂ ಇದೇ ನಿಯಮ, ಔಷಧದ ಸಲಹೆ ಕೊಡುವ ಹಾಗಿಲ್ಲ. ಎಷ್ಟನೇ ಸ್ಟೇಜ್ ಅಂತ ಕೇಳಬೇಡ. "ಊರು ಯಾವುದು, ಊಟ ಆಯ್ತಾ, ಜೊತೆಗೆ ಯಾರು ಬಂದಿದ್ದಾರೆ" ಅಂತ ಕೇಳು, ಉಳಿದದ್ದು ಅವರೇ ಹೇಳುತ್ತಾರೆ.

ನಿಜವಾಗಿ ಕೈ ಬೇಕಿರುವುದು ಕಾಗದದ ಕೆಲಸಕ್ಕೆ. ಹಾವೇರಿ ಕಡೆಯಿಂದ ಒಬ್ಬಳೇ ಬಂದವಳು ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಾಳೆ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಇವುಗಳಲ್ಲಿ ಯಾವುದಿಲ್ಲ ನೋಡಿ ಹೇಳು. ಅವರ ಫೈಲಿನಲ್ಲಿ ಬಯಾಪ್ಸಿ ರಿಪೋರ್ಟನ್ನು ಮೇಲೆ ಇಡು, ಡಾಕ್ಟರ್ ಅದನ್ನೇ ಕೇಳುತ್ತಾರೆ. ರೇಡಿಯೇಷನ್ ಇದ್ದವರು ಸೋಮವಾರದಿಂದ ಶುಕ್ರವಾರ ದಿನಾ ಬರಬೇಕು, ಅದೂ ವಾರಗಟ್ಟಲೆ. ಮಶೀನಿನ ಕೆಳಗೆ ಕೆಲವೇ ನಿಮಿಷ, ಹೊರಗೆ ಕಾಯುವುದೇ ಜಾಸ್ತಿ. ಆ ಹೊತ್ತಿನಲ್ಲಿ ಜೊತೆಗೆ ಕೂರು, ಆಮೇಲೆ ಚಿಗರಿ ಬಸ್ಸಿನ ತನಕ ಬಿಟ್ಟು ಬಾ. ಆಪರೇಷನ್ ಆದ ಕಡೆಯ ಕೈಯಲ್ಲಿ ಚೀಲ ಹೊರಲು ಬಿಡಬೇಡ. ಕಂಕುಳಿನ ಗಂಟು ತೆಗೆದಿದ್ದರೆ ಆ ಕೈ ಬಾತುಕೊಳ್ಳಬಹುದು. ರಕ್ತ ತೆಗೆಯುವಾಗ, ಬಿಪಿ ನೋಡುವಾಗ ಇನ್ನೊಂದು ಕೈ ಕೊಡಲು ನೆನಪಿಸು.

ನಿನಗೆ ನೆಗಡಿ, ಕೆಮ್ಮು ಇದ್ದ ದಿನ ಹೋಗಲೇಬೇಡ. ಮತ್ತೆ ಹೇಳುತ್ತೇನೆ, ಯಾರಾದರೂ ಮೈ ಬಿಸಿ ಅಂದರೆ ಮಾತ್ರೆ ಕೊಡಬೇಡ, ನರ್ಸನ್ನು ಕರೆ. ಮನೆಯಲ್ಲಿದ್ದವರು ಫೋನಿನಲ್ಲಿ ಹೇಳಿದರೂ ಅಷ್ಟೇ, ಆಸ್ಪತ್ರೆಗೆ ಹೊರಡಿಸು. ಅವರ ಫೈಲಿನ ಮೇಲೆ ಆಸ್ಪತ್ರೆಯ ನಂಬರನ್ನು ದಪ್ಪ ಪೆನ್ನಿನಿಂದ ಬರೆದುಕೊಡು. ಸಂಜೆ ನಿಮ್ಮತ್ತೆಯವರಿಗೆ ನಾನೇ ಫೋನ್ ಮಾಡುತ್ತೇನೆ.