ಅಪ್‌ಡೇಟ್: ಆರ್‌ವಿ-9ಎಗೆ ದೊಡ್ಡ ಎಂಜಿನ್ ಬೇಡ ಅಂತ ತೀರ್ಮಾನಿಸಿದೆ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ಓಹಾಯೋದ ನಮ್ಮ ಗ್ಯಾರೇಜಿನಲ್ಲಿ ಕಟ್ಟುತ್ತಿರೋ ಆರ್‌ವಿ-9ಎ ಅನ್ನೋ ಎರಡು ಸೀಟಿನ ಪುಟ್ಟ ವಿಮಾನಕ್ಕೆ 160ರ ಬದಲು 180 ಅಶ್ವಶಕ್ತಿಯ ಎಂಜಿನ್ ಕೂರಿಸಬಹುದಾ ಅಂತ. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ಆಗ ಸಿಟ್ಟು ಬಂದಿದ್ದೂ ನಿಜ.

ವಿನ್ಯಾಸ ಮಾಡಿದವರು ಹೇಳೋ ಮಿತಿಯೇ 160. ದೊಡ್ಡ ಎಂಜಿನ್ ಇದ್ರೆ ಇನ್ನೂ ಮೇಲೆ, ಇನ್ನೂ ಜೋರಾಗಿ ಹಾರಬಹುದು; ಆದ್ರೆ ಮೇಲೇರಿದಷ್ಟೂ ಗಾಳಿ ತೆಳು, ವೇಗದ ಮೀಟರ್ ತೋರಿಸೋದಕ್ಕಿಂತ ನಿಜವಾದ ವೇಗ ಜಾಸ್ತಿ. ರೆಕ್ಕೆ, ಬಾಲ ಪಟಪಟ ಅದುರಿ ಮುರಿಯೋ ಫ್ಲಟರ್‌ಗೆ ಲೆಕ್ಕ ಆ ನಿಜವಾದ ವೇಗವೇ. ಇದು ನನ್ನ ತಲೆಗೆ ಹೋಗಿರಲಿಲ್ಲ.

ದೊಡ್ಡ ಎಂಜಿನ್‌ಗೆ ಅಂತ ಆತುರದಲ್ಲಿ ಫೈರ್‌ವಾಲ್‌ಗೆ (ಎಂಜಿನ್‌ಗೂ ನಾವು ಕೂರೋ ಜಾಗಕ್ಕೂ ನಡುವೆ ಬೆಂಕಿ ತಡೆಯೋ ಲೋಹದ ಗೋಡೆ) ಕೊರೆದಿದ್ದ ಎರಡು ತೂತಿಗೆ ಸ್ಟೇನ್‌ಲೆಸ್ ಸ್ಟೀಲ್ ತೇಪೆ, ಸುತ್ತ ರಿವೆಟ್, ಅಂಚಿಗೆ ಬೆಂಕಿ ತಡೆಯೋ ಸೀಲಂಟ್. "ತೂತುಬಿದ್ದ ಕೊಡಪಾನಕ್ಕೆ ಬೆಸುಗೆ ಹಾಕಿದಂಗಿದೆ" ಅಂದ್ಳು ಹೆಂಡತಿ. 160ರ ಎಂಜಿನ್ ಮುಂದಿನ ತಿಂಗಳು ಬರುತ್ತೆ.