ಕಾರಿನ ಎಸಿ ಗುಂಡಿ ‘ಜಡ’ ಆಗಿದೆ ಎಂದು ಬರೆಯಬಹುದೇ?

ಗೆಳೆಯರೇ,

ಬೆಳಗಾವಿಯಲ್ಲಿ ಮೋಟಾರು ಕೆಲಸ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬ್ರೇಕ್, ಕ್ಲಚ್ ಮುಗಿದು ಎಸಿ ಮತ್ತು ಹೀಟರಿನ ಅಧ್ಯಾಯಕ್ಕೆ ಬಂದಿದ್ದೇನೆ. ಅಲ್ಲಿ ಒಂದೇ ಒಂದು ಪದಕ್ಕೆ ನಾಲ್ಕು ದಿನದಿಂದ ಕೆಲಸ ನಿಂತಿದೆ. ಸ್ಟೇರಿಂಗಿನ ಪಕ್ಕದ ಫಲಕದಲ್ಲಿ ನೀಲಿಯಿಂದ ಕೆಂಪಿಗೆ ತಿರುಗಿಸುವ ಗುಂಡಿ ಇರುತ್ತದಲ್ಲ, ಅದು ಸಲೀಸಾಗಿ ತಿರುಗದೆ ಕೈಗೆ ಎದುರು ನಿಲ್ಲುತ್ತದೆ. ಆ ದೋಷಕ್ಕೆ ಹೆಸರೇನು? ಇಂಗ್ಲಿಷ್ ಕೈಪಿಡಿಗಳು ‘ಸ್ಟಿಫ್’ ಎಂದು ಬರೆದು ಮುಂದೆ ಹೋಗುತ್ತವೆ.

ನಾನು ಮೊದಲು ಬರೆದದ್ದು ‘ಬಿಗಿ’. ಕರಡು ಓದಿದ ಹುಡುಗನೊಬ್ಬ ಕೇಳಿದ: “ಬಿಗಿ ಇದ್ದರ ಛಲೋ ಅಲ್ಲೇನ್ರೀ ಸರ?” ಅವನು ಕೇಳಿದ್ದು ಸರಿ. ನಟ್ಟು ಬಿಗಿ ಇರಬೇಕು, ಬೆಲ್ಟು ಬಿಗಿ ಇರಬೇಕು, ಪೈಪಿನ ಕ್ಲಿಪ್ಪು ಬಿಗಿ ಇರಬೇಕು. ಗ್ಯಾರೇಜಿನಲ್ಲಿ ಬಿಗಿ ಎಂದರೆ ಕೆಲಸ ನೆಟ್ಟಗೆ ಮುಗಿದದ್ದರ ಗುರುತು. ಅದನ್ನೇ ದೋಷಕ್ಕೂ ಬಳಸಿದರೆ ಕಲಿಯುವವನಿಗೆ ಗೊಂದಲ.

ಆಮೇಲೆ ‘ಪೆಡಸು’ ಬರೆದು ನೋಡಿದೆ. ಒಳ್ಳೆಯ ಪದ, ಆದರೆ ಅದು ವಸ್ತುವಿನ ಗುಣ ಹೇಳುತ್ತದೆ. ಒಣಗಿದ ತೊಗಲು ಪೆಡಸು, ಹಳೆಯ ರಬ್ಬರ್ ಪೈಪು ಪೆಡಸು. ನಮ್ಮ ಗುಂಡಿಯ ಪ್ಲಾಸ್ಟಿಕ್ಕಿಗೆ ಏನೂ ಆಗಿಲ್ಲ, ಅದರ ಚಲನೆ ಕೆಟ್ಟಿದೆ. ‘ಗಡಸು’ ಎಂದರೂ ಇದೇ ತೊಡಕು. ‘ಖಡಕ್’ ಅಂತೂ ನಮ್ಮ ಕಡೆ ಮೆಚ್ಚುಗೆಯ ಮಾತು. ಖಡಕ್ ರೊಟ್ಟಿ, ಖಡಕ್ ಚಹಾ, ಖಡಕ್ ಇಸ್ತ್ರಿ. ಕೆಟ್ಟ ಗುಂಡಿಗೆ ಆ ಪದ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಇಷ್ಟರಲ್ಲಿ ನನ್ನ ಕಾರಿಗೇ ಅದೇ ಕಾಯಿಲೆ ಬಂತು. ಮಳೆಗಾಲದಲ್ಲಿ ಚೋರ್ಲಾ ಘಾಟಿನ ಮೇಲೆ ಗೋವಾ ಕಡೆ ಹೊರಟಿದ್ದೆ. ಮುಂದಿನ ಗಾಜಿನ ಒಳಮೈಗೆ ಮಂಜು ಹಿಡಿಯಿತು. ಎಸಿ ಹಾಕಿ ಗುಂಡಿಯನ್ನು ಸ್ವಲ್ಪ ಕೆಂಪಿನ ಕಡೆ ತಿರುಗಿಸಿದರೆ ಒಣಗಿದ ಬೆಚ್ಚನೆಯ ಗಾಳಿ ಬಂದು ಗಾಜು ತಿಳಿಯಾಗುತ್ತದೆ. ಆದರೆ ಗುಂಡಿ ಅರ್ಧಕ್ಕೆ ಬಂದು ನಿಂತಿತು. ಗಾಡಿ ಬದಿಗೆ ನಿಲ್ಲಿಸಿ ಬಟ್ಟೆಯಿಂದ ಗಾಜು ಒರೆಸಿಕೊಂಡು ಹೋಗಬೇಕಾಯಿತು. ಅಂಥ ತಿರುವುಗಳಲ್ಲಿ ಎದುರಿನ ಲಾರಿ ಕಾಣದಿದ್ದರೆ ಎಷ್ಟು ಅಪಾಯ ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಊರಿಗೆ ಬಂದ ಮೇಲೆ ಉದ್ಯಮಬಾಗದ ಕಡೆಯ ಒಂದು ಗ್ಯಾರೇಜಿಗೆ ಹೋದೆ. ಹಿರಿಯ ಮೇಸ್ತ್ರಿ ಎರಡು ಬೆರಳಲ್ಲಿ ಗುಂಡಿ ಹಿಡಿದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುವಿ ಹೇಳಿದರು: “ಭಾಳ ಜಡ ಆಗೈತ್ರೀ. ಜೋರ ಮಾಡಬ್ಯಾಡ್ರಿ, ಒಳಗ ಹಲ್ಲ ಮುರಿತಾವ.”

ಜಡ! ದಿನಕ್ಕೆ ಹತ್ತು ಸಲ ಕೇಳುವ ಪದ, ಬರೆಯುವಾಗ ಹೊಳೆದೇ ಇರಲಿಲ್ಲ. ಸ್ಟೇರಿಂಗ್ ಜಡ ಬರ್ತೈತಿ, ಕ್ಲಚ್ ಜಡ ಆಗೈತಿ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮೇಸ್ತ್ರಿಯ ಮುಂದಿನ ಕೆಲಸ ನೋಡುವಾಗ ಈ ಪದ ಎಷ್ಟು ಕರಾರುವಾಕ್ಕಾಗಿದೆ ಎಂಬುದು ತಿಳಿಯಿತು.

ಗುಂಡಿಯ ಹಿಂದೆ ಸೈಕಲ್ ಬ್ರೇಕಿನಂಥದೇ ಒಂದು ಕೇಬಲ್ ಇದೆ. ಹೊರಗೆ ಕೊಳವೆ, ಒಳಗೆ ಉಕ್ಕಿನ ತಂತಿ. ಗುಂಡಿ ತಿರುಗಿದಂತೆ ತಂತಿ ಸರಿದು, ಗಾಳಿಪೆಟ್ಟಿಗೆಯೊಳಗಿನ ಸಣ್ಣ ಕದವೊಂದನ್ನು ವಾಲಿಸುತ್ತದೆ. ಎಂಜಿನ್ ಸುತ್ತಿ ಬರುವ, ಸುಮಾರು 90 ಡಿಗ್ರಿ ಸೆಲ್ಸಿಯಸ್ ಕಾವಿನ ನೀರು ಹೀಟರಿನ ಜಾಲರಿಯಲ್ಲಿ ಹರಿಯುತ್ತಿರುತ್ತದೆ. ಎಷ್ಟು ಗಾಳಿ ಆ ಜಾಲರಿಯ ಮೂಲಕ ಹೋಗಬೇಕು, ಎಷ್ಟು ಅದನ್ನು ಬಿಟ್ಟು ಸೀದಾ ಬರಬೇಕು ಎಂಬುದನ್ನು ಈ ಕದ ನಿರ್ಧರಿಸುತ್ತದೆ. ಹೀಗಾಗಿ ಈ ಗುಂಡಿ ಮಾಡುವುದು ಬೆರಕೆಯ ಕೆಲಸ, ಸ್ನಾನಕ್ಕೆ ಬಿಸಿನೀರು ತಣ್ಣೀರು ಹದಮಾಡಿದ ಹಾಗೆ. (ಕೈಪಿಡಿಯಲ್ಲಿ ಇದನ್ನು ‘ಹದಗುಂಡಿ’ ಎನ್ನೋಣವೇ ಎಂಬ ಆಸೆ ಇದೆ. ‘ತಾಪಮಾನ ನಿಯಂತ್ರಕ’ ಎಂದರೆ ಹುಡುಗರು ಪುಟ ಮಗುಚುತ್ತಾರೆ.)

ಮೇಸ್ತ್ರಿ ಫಲಕ ಬಿಚ್ಚಿ, ಕೇಬಲಿನ ಕ್ಲಿಪ್ಪು ತೆಗೆದು, ಗುಂಡಿಯನ್ನಷ್ಟೇ ತಿರುಗಿಸಿದರು. ಒಂದೇ ಬೆರಳಿಗೆ ತಿರುಗಿತು. “ಗುಂಡಿ ಹಗರ ಐತಿ.” ಆಮೇಲೆ ಕೆಳಗೆ ಕೈ ಹಾಕಿ ಕದದ ಸನ್ನೆಯನ್ನು ತಳ್ಳಿದರು. “ಇದೂ ಹಗರ. ಜಡ ಇರೂದು ಕೇಬಲ್.” ಹಿಂದೆ ಯಾರೋ ಮ್ಯೂಸಿಕ್ ಸಿಸ್ಟಂ ಕೂಡ್ರಿಸುವಾಗ ಕೇಬಲನ್ನು ಒತ್ತಿ ಬಿಟ್ಟಿದ್ದರು. ದುಂಡಗೆ ಬಾಗಬೇಕಾದಲ್ಲಿ ಅದು ಮೊಣಕೈಯಂತೆ ಮಡಚಿಕೊಂಡಿತ್ತು. ಹೊಸ ಕೇಬಲ್ ಹಾಕಿ, ದೊಡ್ಡ ಬಾಗು ಕೊಟ್ಟು ಒಯ್ದು, ಗುಂಡಿಯ ಅಚ್ಚಿಗೆ ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸನ್ನು ಕಾಳಿನಷ್ಟು ಸವರಿದರು. ನೀಲಿಯ ತುದಿ, ಕೆಂಪಿನ ತುದಿ ಎರಡೂ ಮುಟ್ಟುತ್ತವೆಯೇ ಎಂದು ನೋಡಿದ ಮೇಲೆಯೇ ಕ್ಲಿಪ್ಪು ಒತ್ತಿದರು.

‘ಜಡ’ದ ಎದುರು ನಿಂತ ಆ ‘ಹಗರ’ವನ್ನು ಗಮನಿಸಿ. ತೂಕಕ್ಕೂ ಅದೇ ಜೋಡಿ: ಜ್ವಾಳದ ಚೀಲ ಜಡ, ಹತ್ತಿಯ ಗಂಟು ಹಗರ. ಚಲನೆಗೂ ಅದೇ ಜೋಡಿ. ತೂಕ ಎತ್ತುವಾಗ ಕೈಗೆ ಆಗುವ ಅನುಭವವನ್ನೇ ನಮ್ಮ ಜನ ತಿರುಗಿಸುವ ಕೈಗೂ ಹೇಳಿದ್ದಾರೆ. ಇದರಲ್ಲೇ ಇನ್ನೊಂದು ಲಾಭವೂ ಇದೆ. ‘ಹಗೂರಕ’ ಎಂದರೆ ನಮ್ಮಲ್ಲಿ ಮೆಲ್ಲಗೆ, ಜೋಪಾನವಾಗಿ. “ಜಡ ಇದ್ದರ ಹಗೂರಕ ಬಿಚ್ಚು” ಎಂದರೆ ರೋಗವೂ ಪಥ್ಯವೂ ಒಂದೇ ವಾಕ್ಯದಲ್ಲಿ ಬಂದವು.

ಮೇಸ್ತ್ರಿಗಳ ಬಾಯಲ್ಲಿ ಈ ದೋಷಕ್ಕೆ ಮೆಟ್ಟಿಲುಗಳೂ ಇವೆ. ಮೊದಲಿಂದ ಕೊನೆತನಕ ಒಂದೇ ಸಮನೆ ಶ್ರಮ ಬೇಡಿದರೆ ‘ಜಡ’. ಒಂದು ಜಾಗದಲ್ಲಿ ಮಾತ್ರ ತಡೆದರೆ ‘ಹಿಡಿತೈತಿ’, ಕುತ್ತಿಗೆ ಹಿಡಿದಂತೆ. ಕದದ ಅಂಚಿನ ಸ್ಪಂಜು ಕಿತ್ತು ಅಡ್ಡ ಬಂದಾಗ ಹೀಗಾಗುವುದುಂಟು. ಪೂರ್ತಿ ನಿಂತರೆ ‘ಜಾಮ್’, ಇಲ್ಲವೇ ‘ತಿರಗವಲ್ದು’. ಈ ‘ಒಲ್ದು’ ಹಳಗನ್ನಡದ ‘ಒಲ್’ ಧಾತುವಿನ ನಿಷೇಧರೂಪ, ಒಲ್ಲೆ ಎಂಬುದರ ಒಡಹುಟ್ಟು. ಗುಂಡಿಗೆ ತಿರುಗಲು ಮನಸ್ಸಿಲ್ಲ ಎಂದ ಹಾಗೆ! ಗುಂಡಿ ಗಿರಗಿರ ತಿರುಗಿಯೂ ಗಾಳಿ ಬದಲಾಗದಿದ್ದರೆ ಕ್ಲಿಪ್ಪು ಕಳಚಿದೆ; ಅದು ‘ಢಿಲ್ಲ’. ಇಂಗ್ಲಿಷಿನ ಒಂದು ‘ಸ್ಟಿಫ್’ನಲ್ಲಿ ಈ ವ್ಯತ್ಯಾಸವೇ ಇಲ್ಲ.

ಈಗ ನನ್ನ ಅಳುಕಿಗೆ ಬರುತ್ತೇನೆ. ಮೈಸೂರು ಕಡೆಯ ಸ್ನೇಹಿತರೊಬ್ಬರಿಗೆ ಪುಟ ಕಳಿಸಿದರೆ ಅವರು ‘ಗುಂಡಿ ಜಡವಾಗಿದೆ’ಗೆ ಅಡಿಗೆರೆ ಎಳೆದು, “ಗುಂಡಿ ಯಾವಾಗಲೂ ಜಡವಸ್ತುವೇ ಅಲ್ಲವೇ?” ಎಂದು ಬರೆದರು. ಅವರಿಗೆ ಜಡ ಎಂದರೆ ಚೇತನದ ವಿರುದ್ಧ ಪದ. ಮತ್ತೊಬ್ಬರು ಇದು ಮರಾಠಿ, ಬಿಟ್ಟುಬಿಡಿ ಎಂದರು. ಮರಾಠಿಯಲ್ಲೂ ಜಡ ಎಂದರೆ ಭಾರ ಎಂಬುದು ನಿಜ. ಆದರೆ ಪದ ಸಂಸ್ಕೃತದ್ದು, ಎರಡೂ ಭಾಷೆಗಳ ಸ್ವತ್ತು. ಗಡಿಯಲ್ಲಿ ಎರಡು ನುಡಿಗಳೂ ಒಂದೇ ಅರ್ಥದಲ್ಲಿ ಬಳಸುವುದು ಪದದ ಬಲವೇ ಹೊರತು ದೋಷವಲ್ಲ.

ಸಂಸ್ಕೃತಕ್ಕೆ ಹೋದರೆ ಇನ್ನೂ ಸೊಗಸು. ಅಮರಕೋಶ ತಣ್ಣನೆಯದಕ್ಕೆ 7 ಪದ ಕೊಡುತ್ತದೆ: ಸುಷೀಮ, ಶಿಶಿರ, ಜಡ, ತುಷಾರ, ಶೀತಲ, ಶೀತ, ಹಿಮ. ಮೂರನೆಯದೇ ನಮ್ಮ ಜಡ! ಅಂದರೆ ತಣ್ಣಗಿರುವುದು, ತಣ್ಣಗಾಗಿ ಮರಗಟ್ಟಿ ಅಲ್ಲಾಡದೆ ಇರುವುದು, ಎರಡೂ ಅದರ ಅರ್ಥದಲ್ಲಿವೆ. ನೀಲಿಯ ತುದಿಯಲ್ಲಿ ಸಿಕ್ಕಿಕೊಂಡು ಬರೀ ತಣ್ಣನೆ ಗಾಳಿ ಬಿಡುವ ಗುಂಡಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣದು. ವಿಜಯಪುರದ ಕಾರುಗಳಲ್ಲಿ ಇದು ಕಣ್ಣೆದುರಿಗೇ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಗುಂಡಿ ವರ್ಷಗಟ್ಟಲೆ ನೀಲಿಯಲ್ಲೇ ಇರುತ್ತದೆ. ಅಲುಗದ ಕೀಲಿನಲ್ಲಿ ಧೂಳು ಕೂತು ಗ್ರೀಸು ಅಂಟಾಗುತ್ತದೆ. ತಿಂಗಳಿಗೊಮ್ಮೆ ಈ ತುದಿಯಿಂದ ಆ ತುದಿಗೆ ತಿರುಗಿಸಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ.

‘ಗುಂಡಿ’ಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಗುಂಡಿ ಎಂದರೆ ಅಂಗಿಯ ಗುಂಡಿ, ನೆಲದ್ದು ‘ತೆಗ್ಗು’. ದಕ್ಷಿಣದಲ್ಲಿ ರಸ್ತೆಯದೂ ಗುಂಡಿಯೇ. ತಂಬೂರಿಯ ‘ಬಿರಡೆ’ಯನ್ನು ತರಬಹುದೇ ಎಂದು ಯೋಚಿಸಿದೆ, ಅದೂ ತಿರುಗಿಸುವಂಥದೇ. ಆದರೆ ಬಿರಡೆ ಜಾರದೆ ಗಚ್ಚಾಗಿ ನಿಲ್ಲಬೇಕು, ಜಾರಿದರೆ ಶ್ರುತಿ ಕೆಡುತ್ತದೆ ಎಂದು ಸೀಮೆಸುಣ್ಣ ಹಚ್ಚುತ್ತಾರೆ. ಇಲ್ಲಿ ಬೇಕಾದದ್ದು ಅದರ ಉಲ್ಟಾ. ಗುಂಡಿಯೇ ಇರಲಿ ಎನಿಸುತ್ತದೆ.

ನನ್ನ ಒಲವು ‘ಜಡ’ದ ಕಡೆಗೇ ಇದೆ. ಮೊದಲ ಬಳಕೆಯಲ್ಲಿ ‘ಜಡ, ಅಂದರೆ ತಿರುಗಿಸಲು ಶ್ರಮ ಬೇಕಾಗುವ’ ಎಂದು ಒಮ್ಮೆ ಬಿಡಿಸಿ ಹೇಳಿ, ಮುಂದೆ ಧೈರ್ಯವಾಗಿ ಬಳಸುವ ಯೋಚನೆ. ಅದಕ್ಕೆ ಮೊದಲು ನಿಮ್ಮನ್ನು ಕೇಳಬೇಕೆನಿಸಿತು. ಶಿವಮೊಗ್ಗ, ಹಾಸನ, ಮಂಗಳೂರು, ಚಾಮರಾಜನಗರದ ಗ್ಯಾರೇಜುಗಳಲ್ಲಿ ಹೀಗೆ ಶ್ರಮ ಬೇಡುವ ಗುಂಡಿಗೆ, ಕ್ಲಚ್ಚಿಗೆ, ನಲ್ಲಿಗೆ ಏನೆನ್ನುತ್ತಾರೆ? ನಿಘಂಟಿನ ಪದ ಬೇಡ, ಕೈಗೆ ಗ್ರೀಸು ಮೆತ್ತಿದವರ ಬಾಯಿಂದ ಕೇಳಿದ್ದನ್ನೇ ಬರೆಯಿರಿ. ಬಾಗಲಕೋಟೆಯವರು ‘ಜಡ’ ಅನ್ನುತ್ತಾರೋ ‘ಬಿರುಸು’ ಅನ್ನುತ್ತಾರೋ ಎಂಬುದನ್ನೂ ತಿಳಿಸಿದರೆ ಉಪಕಾರ. ಅಲ್ಲಿಂದಲೂ ಹುಡುಗರು ಕಲಿಯಲು ಬರುತ್ತಾರೆ.