ಯುಗಾದಿ ನಾಟಕಕ್ಕೆ ಹದಿಹರೆಯದವರು: ನಮ್ಮ ‘ಟೊಳ್ಳುಗಟ್ಟಿ’ಯ ಅನುಭವ

ಆತ್ಮೀಯರೇ, ಹದಿಹರೆಯದ ಮಕ್ಕಳಿಂದ ಹಳೆಯ ಕನ್ನಡ ನಾಟಕ ಆಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ, ಲಂಡನ್ನಿನಲ್ಲಿ ಕಳೆದ ವರ್ಷ ನಾವು ಮಾಡಿದ ಪ್ರಯತ್ನವನ್ನೇ ಉತ್ತರವಾಗಿ ಬರೆಯುತ್ತಿದ್ದೇನೆ. ಅದರ ಹಿಂದಿನ ವರ್ಷ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಟ್ಟು ಬಾಯಿಪಾಠ ಮಾಡಿಸಿದ್ದೆವು. ಮಕ್ಕಳು ಒಪ್ಪಿಸಿದರು, ವೇದಿಕೆ ಇಳಿದರು, ಮರೆತರು.

ಕಳೆದ ವರ್ಷ ನಾಟಕಕಾರ ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆರಿಸಿಕೊಂಡೆವು. ಭೂವಿಜ್ಞಾನ ಓದಲು ಇದೇ ಲಂಡನ್ನಿಗೆ ಬಂದಿದ್ದವರು ಅವರು. ಅವರ ಪಾತ್ರಗಳು ಕನ್ನಡಕ್ಕೆ ಇಂಗ್ಲಿಷ್ ಬೆರೆಸಿಯೇ ಮಾತನಾಡುತ್ತವೆ. ತಮ್ಮ ಬೆರಕೆ ಮಾತು ತಪ್ಪೆಂದೇ ಕೇಳಿ ಬೆಳೆದ ನಮ್ಮ ಮಕ್ಕಳಿಗೆ, ಅದು ಸುಮಾರು ನೂರು ವರ್ಷಗಳ ಹಿಂದೆಯೇ ಕನ್ನಡ ರಂಗಭೂಮಿಗೆ ಬಂದಿತ್ತೆಂದು ತಿಳಿದಾಗ ದೊಡ್ಡ ಧೈರ್ಯ ಬಂತು. ಪರೀಕ್ಷೆಯಲ್ಲಿ ಮೊದಲಿಗನಾಗುವ ಪುಟ್ಟು, ಫೇಲಾಗುವ ಮಾಧು, ಮನೆಗೆ ಬೆಂಕಿ ಬಿದ್ದಾಗ ಜೀವದ ಹಂಗು ತೊರೆದು ನುಗ್ಗುವವನು ಮಾಧುವೇ ಎಂಬ ಕಥೆಯನ್ನು ಇಲ್ಲಿನ ಶಾಲೆಯ ಜಿಸಿಎಸ್‌ಇ ಪರೀಕ್ಷೆಗೆ (ನಮ್ಮ ಎಸ್ಸೆಸ್ಸೆಲ್ಸಿಯಂಥದ್ದು) ಓದುತ್ತಿರುವವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮೊದಲ ಎರಡು ಭಾನುವಾರ ಹಿರಿಯರು ಓದಿದೆವು, ಮಕ್ಕಳು ಕೇಳಿದರು. ಬಳಿಕ, ನಾಟಕದಲ್ಲಿ ಇಲ್ಲದ ಒಂದು ಸನ್ನಿವೇಶವನ್ನು ತಮಗೆ ಬರುವ ಭಾಷೆಯಲ್ಲೇ ಬರೆದು ತರಲು ಹೇಳಿದೆವು. ಹೆಚ್ಚಿನವರು ಮಾಧುವಿನ ಪರವಾಗಿ ಬರೆದರೆ, ಹದಿನೈದರ ಹುಡುಗನೊಬ್ಬ ಪುಟ್ಟುವಿನ ಪರ ನಿಂತ. ಕನ್ನಡ ಲಿಪಿ ಬಾರದ ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಸ್ವಗತದಲ್ಲಿ ‘ಓದು’, ‘ಓಡು’ ಎರಡೂ ಒಂದೇ ಆಗಿದ್ದವು, ಬಾಯಲ್ಲೂ ಒಂದೇ ಆಗಿ ಬಂದವು. ಊರಿನಿಂದ ಬಂದಿದ್ದ ಅವನ ಅಜ್ಜಿ ಪಕ್ಕದಲ್ಲಿ ಕುಳಿತು, ನಾಲಗೆಯ ತುದಿ ಹಲ್ಲಿಗೆ ತಾಗಿದರೆ ‘ದ’, ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿದರೆ ‘ಡ’ ಎಂದು ಬಾಯಿ ತೆರೆದು ತೋರಿಸಿಕೊಟ್ಟರು. ಮುಂದಿನ ವಾರ ಅವನು ತಂದ ಮಾತು ಹೀಗಿತ್ತು: “ಓದು ಓದು ಅಂತ ಎಲ್ರೂ ಹೇಳಿದ್ರಿ ಅಪ್ಪ. ಬೆಂಕಿ ಬಿದ್ರೆ ಒಳಗೆ ಓಡು ಅಂತ ಯಾರೂ ಹೇಳ್ಲಿಲ್ಲ.”

ಶ್ಲೇಷೆಗೆ ಹೆಸರಾದ ನಾಟಕಕಾರರ ಕೃತಿಗೆ ಇದಕ್ಕಿಂತ ತಕ್ಕ ಸೇರ್ಪಡೆಯನ್ನು ನಾನಂತೂ ಊಹಿಸಲಾರೆ. ಮೂಲಕ್ಕೆ ಕೈ ಹಚ್ಚಬಾರದೆಂದು ಕೆಲವು ಹಿರಿಯರು ಆಕ್ಷೇಪಿಸಿದ್ದು ನ್ಯಾಯವೇ ಆಗಿತ್ತು. ಆದ್ದರಿಂದ ಕೈಲಾಸಂ ಅವರ ಮಾತುಗಳನ್ನು ಬದಲಿಸದೆ, ಮಕ್ಕಳು ಬರೆದದ್ದನ್ನು ನಾಟಕ ಮುಗಿದ ಮೇಲೆ ಪ್ರತ್ಯೇಕವಾಗಿ ಆಡಿಸಿದೆವು. ಬರೆದವರು ಮೂಲದ ಮಾತುಗಳನ್ನೂ ತಾವಾಗಿಯೇ ಕಲಿತಿದ್ದರು.

ನೀವೂ ಆಡಿಸುವುದಾದರೆ ಜನವರಿಯಲ್ಲೇ ಆರಂಭಿಸಿ. ಯುಗಾದಿಯ ಹೊತ್ತಿಗೆ ಶಾಲೆಯ ಪರೀಕ್ಷೆಯ ತಯಾರಿ ಶುರುವಾಗಿ, ಭಾನುವಾರಗಳು ಸಿಗುವುದು ಕಷ್ಟ.